ಎಡಗಾಲಿನ ತರಬೇತಿ

ಕಾವಲಿನವಳು ನನ್ನ ಸ್ವೆಟರಿನೊಳಗೆ ಕೈ ಹಾಕಿ ತಡಕಿದಳು. ಮೊದಲು ಹೊಟ್ಟೆ. ಆಮೇಲೆ ಬೆನ್ನು. ಆಮೇಲೆ ಎದೆಯ ಕೆಳಗೆ. ಅವಳ ಬೆರಳುಗಳು ತಣ್ಣಗಿದ್ದವು. ನಾನು ಎರಡೂ ಕೈ ಮೇಲೆತ್ತಿ ಗೋಡೆ ನೋಡುತ್ತ ನಿಂತಿದ್ದೆ. ಗೋಡೆಯ ಮೇಲೆ ನಗುವ ಹೆಂಗಸಿನ ಚಿತ್ರ. ಅವಳ ಕೈಯಲ್ಲಿ ಸುತ್ತಿಗೆ. ಕೆಳಗೆ ದಪ್ಪ ಅಕ್ಷರದಲ್ಲಿ: ಉಸಿರಿರುವವರೆಗೂ ಕಲಿಯೋಣ.

"ತಿರುಗು."

ತಿರುಗಿದೆ.

"ಇದೇನಿದು?"

"ಬ್ರೆಡ್ಡು."

"ಬ್ರೆಡ್ಡನ್ನ ಎದೇಲಿ ಯಾಕೆ ಇಟ್ಕೊಂಡಿದ್ದೀಯ?"

"ಜೇಬು ಹೊಲಿದು ಮುಚ್ಚಿಸಿದೋರು ನೀವೇ ತಾನೆ."

ನನ್ನ ಹಿಂದೆ ಸಾಲಿನಲ್ಲಿದ್ದ ಬೆಹಿಯೆ ಕಿಸಕ್ಕನೆ ನಕ್ಕಳು. ನೆಲಮಾಳಿಗೆಯಲ್ಲಿ ನನ್ನ ಪಕ್ಕದ ಮಣೆ ಅವಳದು. ವಯಸ್ಸಿನಲ್ಲಿ ನನಗಿಂತ ದೊಡ್ಡವಳು, ಬಾಯಿ ಅದಕ್ಕಿಂತ ದೊಡ್ಡದು.

"ತಾಯೀ, ನಾವು ಕದಿಯೋದಾದ್ರೂ ಏನನ್ನ? ಕೆಳಗಿರೋದೆಲ್ಲ ಎಡಗಾಲಿನ ಬೂಟು. ನನ್ನ ಸೊಸೆಗೆ ಒಂದೇ ಕಾಲು ಅಂತ ಯಾರಾದ್ರೂ ಹೇಳಿದ್ರಾ ನಿಂಗೆ? ಎರಡೂ ಇದಾವಮ್ಮ. ಎರಡರಲ್ಲೂ ನನ್ನನ್ನೇ ಒದೀತಾಳೆ."

ಸಾಲು ನಕ್ಕಿತು. ಕಾವಲಿನವಳು ನಗಲಿಲ್ಲ. ಬ್ರೆಡ್ಡನ್ನು ಎರಡಾಗಿ ಮುರಿದು ಒಳಗೆ ನೋಡಿ ವಾಪಸು ಕೊಟ್ಟಳು.

ಎಡಗಾಲಿನ ಮಾತು ತಮಾಷೆಯಲ್ಲ. ನಮಗೆ ಕೊಡುವುದು ಎಡಗಾಲಿನ ಬೂಟು ಮಾತ್ರ. ಮೊದಲ ದಿನವೇ ಮೇಸ್ತ್ರಿ ಫ್ಲಮೂರ್ ನಮ್ಮ ಮುಖದೆದುರೇ ಹೇಳಿದ್ದ: "ಜೋಡಿ ಕೈಗೆ ಸಿಕ್ಕರೆ ತಾನೆ ನೀವು ಸಂತೇಲಿ ಮಾರೋದು? ಒಂದೇ ಕಾಲಿನದು ಕೊಟ್ಟರೆ ನಿಮಗೂ ನೆಮ್ಮದಿ, ನನಗೂ ನೆಮ್ಮದಿ." ಹೇಳಿ ಕಣ್ಣು ಹೊಡೆದಿದ್ದ. ನಾವೂ ನಕ್ಕಿದ್ದೆವು. ಆ ದಿನ ಯಾಕೆ ನಕ್ಕೆವೋ ಗೊತ್ತಿಲ್ಲ.

ಈ ಊರಲ್ಲಿ ನಮ್ಮನ್ನು ಕರಿಕೈಯವರು ಅನ್ನುತ್ತಾರೆ. ಉಳಿದವರು ಬಿಳಿಕೈಯವರು. ನಾವು ರೋಮಾ ಜನ, ಹೊರಗಿನವರು ಜಿಪ್ಸಿಗಳು ಅನ್ನುವವರು. ಕೇರಿ ಶ್ಕುಂಬಿನ್ ನದಿಯ ದಡದಲ್ಲಿ, ಕಸ ಸುರಿಯುವ ಜಾಗದ ಪಕ್ಕ. ಬೂಟಿನ ಕಾರ್ಖಾನೆಯಲ್ಲಿ ಬಿಳಿಕೈಯವರು ಮೇಲಿನ ಹಜಾರದಲ್ಲಿ ಕೂರುತ್ತಾರೆ. ಅಲ್ಲಿ ಕಿಟಕಿಗಳಿವೆ, ಸಂಬಳವಿದೆ. ನಾವು ನೆಲಮಾಳಿಗೆಯಲ್ಲಿ ಕೂರುತ್ತೇವೆ. ಅದರ ಬಾಗಿಲ ಮೇಲೆ ತರಬೇತಿ ಕೇಂದ್ರ ಎಂಬ ಹಲಗೆಯಿದೆ. ಕಲಿಯುವವರಿಗೆ ಸಂಬಳವಿಲ್ಲ, ಬಸ್ಸಿನ ಖರ್ಚು ಮಾತ್ರ. ನಾವು ನಡೆದು ಬಂದು ಆ ಖರ್ಚನ್ನು ತಿನ್ನುತ್ತೇವೆ.

ಮೊದಲ ತರಬೇತಿಯ ಹೆಸರು ಚರ್ಮದ ಪರಿಚಯ. ಮುಗಿಯಿತು, ಪ್ರಮಾಣಪತ್ರ ಕೊಟ್ಟರು, ಕೈ ಕುಲುಕಿದರು. ಎರಡನೆಯದು ಚರ್ಮದ ಹೊಲಿಗೆ. ಅದೇ ಮಣೆ, ಅದೇ ಅಂಟು, ಅದೇ ಬೂಟು. ಈಗ ನಡೆಯುತ್ತಿರುವುದು ಚರ್ಮದ ಹೊಲಿಗೆ, ಮುಂದಿನ ಹಂತ. ಮಣೆ ಬದಲಾಗಿಲ್ಲ. ನನ್ನ ಮಣೆಯ ಅಂಚಿನಲ್ಲಿ ನನ್ನ ಮೊಣಕೈ ತೇದು ಗುಂಡಿ ಮಾಡಿದೆ.

ಒಲ್ಲೆ ಅನ್ನುವ ಹಾಗಿಲ್ಲ. ಉದ್ಯೋಗ ಕಚೇರಿ ಕಳಿಸಿದ ತರಬೇತಿಗೆ ಹೋಗದಿದ್ದರೆ ಹೆಸರು ತೆಗೆದುಹಾಕುತ್ತಾರೆ. ಹೆಸರು ಹೋದರೆ ಸಹಾಯಧನ ಹೋಗುತ್ತದೆ. ಆಸ್ಪತ್ರೆಯ ಕಾರ್ಡೂ ಹೋಗುತ್ತದೆ. ನನ್ನ ಅತ್ತೆ ನೂರಿಯೆಗೆ ಸಕ್ಕರೆ ಕಾಯಿಲೆ. ಆ ಕಾರ್ಡ್ ಇರುವುದರಿಂದ ದಿನಾ ಇನ್ಸುಲಿನ್ ಸಿಗುತ್ತದೆ. ನನ್ನ ಬೆನ್ನು ಬಾಗಿದರೆ ಅವಳ ತೊಡೆಗೆ ಸೂಜಿ. ಲೆಕ್ಕ ಇಷ್ಟೇ.

ಆ ಸಂಜೆ ಗೇಟಿನಲ್ಲಿ ಫ್ಲಮೂರ್ ನಮ್ಮನ್ನು ನಿಲ್ಲಿಸಿದ. ಸಿಗರೇಟು ತುಟಿಯಲ್ಲೇ ಇತ್ತು.

"ಹುಡುಗೀರಾ, ಕೇಳಿ." ಅವನು ನನಗಿಂತ ಚಿಕ್ಕವನು. ಬೆಹಿಯೆಯ ಮಗನ ವಯಸ್ಸು. "ಮೇಲೆ ಒಂದು ಕೆಲಸ ಖಾಲಿ ಇದೆ. ನಿಜವಾದ ಕೆಲಸ. ಶನಿವಾರ ಪರೀಕ್ಷೆ. ಗೆದ್ದೋಳು ಸೋಮವಾರದಿಂದ ಮೇಲೆ."

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಏನು, ಬಾಯಿಗೆ ಅಂಟು ಹಚ್ಕೊಂಡ್ರಾ?"

"ಒಂದೇನಾ ಕೆಲಸ?" ಬೆಹಿಯೆ ಕೇಳಿದಳು.

"ಒಂದೇ."

"ಅಷ್ಟು ಸಾಕು ಬಿಡಿ," ಅಂದಳು ಬೆಹಿಯೆ. "ನಮಗೆ ಒಂದೇ ಅಭ್ಯಾಸ."

*

ಮಗಳು ತೀನಾ ಮನೆಯ ಹೊರಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಓದುತ್ತಿದ್ದಳು. ಒಳಗೆ ಬೆಳಕಿಲ್ಲ. ಅತ್ತೆ ಒಲೆಯ ಮುಂದೆ ಹುರುಳಿಕಾಳಿನ ಗಂಜಿ ತಿರುಗಿಸುತ್ತಿದ್ದಳು. ಗಂಡ ಕಿತ್ತಳೆ ಕೀಳಲು ಗ್ರೀಸಿಗೆ ಹೋಗಿದ್ದಾನೆ. ಅಲ್ಲಿ ಕಿತ್ತಳೆಯ ಕಾಲ ಮುಗಿದೇ ಇಲ್ಲ, ಅಥವಾ ಅವನಿಗೆ ಬೇರೆ ಮರ ಸಿಕ್ಕಿದೆ.

"ಮೇಲೆ ಕೆಲಸ ಇದೆಯಂತೆ," ಅಂದೆ.

ತೀನಾ ಪುಸ್ತಕ ಮುಚ್ಚಿದಳು. "ಸಂಬಳದ್ದಾ?"

"ಹೌದು. ಶನಿವಾರ ಪರೀಕ್ಷೆ."

"ನೀನೇ ಗೆಲ್ತೀಯ."

"ಬೆಹಿಯೆನೂ ಇದಾಳೆ."

"ಬೆಹಿಯೆ ಅತ್ತೆ ಹೊಲಿಯೋಕಿಂತ ಜಾಸ್ತಿ ಮಾತಾಡ್ತಾಳೆ. ನೀನು ಮಾತೇ ಆಡಲ್ಲ. ನೀನೇ ಗೆಲ್ತೀಯ."

ಅವಳು ಹೀಗೆ ಗಟ್ಟಿಯಾಗಿ ಹೇಳಿದ್ದಕ್ಕೆ ಕಾರಣವಿತ್ತು. ವಸಂತ ಬಂದರೆ ಅವಳಿಗೆ ಹದಿನಾರು ತುಂಬುತ್ತದೆ. ಸಹಾಯಧನ ತಿನ್ನುವ ಮನೆಯಲ್ಲಿ ಹದಿನಾರು ತುಂಬಿದವರೆಲ್ಲರ ಹೆಸರು ಕಚೇರಿಯಲ್ಲಿರಬೇಕು. ಹೆಸರಿದ್ದರೆ ತರಬೇತಿಗೆ ಕಳಿಸುತ್ತಾರೆ. ಶಾಲೆಯಲ್ಲಿ ಓದುವವರಿಗೆ ವಿನಾಯಿತಿ ಉಂಟು ಅಂತ ಬರೆದಿದೆಯಂತೆ. ಆದರೆ ನಮ್ಮ ಕೇರಿಯ ಹುಡುಗಿಯರಿಗೆ ಅದು ಸಿಕ್ಕಿದ್ದನ್ನು ನಾನು ನೋಡಿಲ್ಲ. ಕಚೇರಿಯ ಮಿಮೋಜಾ ಮೇಡಂ ಕಳೆದ ಸಲ ಕನ್ನಡಕದ ಮೇಲಿಂದ ನೋಡಿ, "ನಿಮ್ಮ ಹುಡುಗೀರು ಹೇಗಿದ್ರೂ ಮದುವೆಯಾಗಿ ಶಾಲೆ ಬಿಡ್ತಾರಲ್ಲ, ಅದರ ಬದಲು ಒಂದು ಕಸುಬಾದರೂ ಕಲೀಲಿ," ಅಂದಿದ್ದಳು. ಅವಳು ಕೆಟ್ಟವಳಲ್ಲ. ಅದನ್ನು ನಿಜವಾಗಿ ನಂಬಿದ್ದಳು.

ನನಗೆ ಸಂಬಳದ ಕೆಲಸ ಸಿಕ್ಕರೆ ನಮ್ಮ ಮನೆ ಸಹಾಯಧನದಿಂದ ಹೊರಗೆ. ಆಸ್ಪತ್ರೆಯ ಕಾರ್ಡು ಸಂಬಳದ ಮೇಲೆ ಉಳಿಯುತ್ತದೆ. ತೀನಾಳ ಹೆಸರು ಎಲ್ಲೂ ಇರುವುದಿಲ್ಲ. ಅವಳು ಶಾಲೆಯಲ್ಲಿ ಇರುತ್ತಾಳೆ.

ಸಿಗದಿದ್ದರೆ ಅವಳಿಗೂ ನನ್ನ ಪಕ್ಕದಲ್ಲೊಂದು ಮಣೆ.

"ಸಿಗದಿದ್ರೆ ಏನಾಗ್ಬಿಡತ್ತೆ?" ಅತ್ತೆ ಒಲೆಯ ಕಡೆಯಿಂದಲೇ ಅಂದಳು. "ಎಲ್ಲರ ಮಕ್ಕಳೂ ಕೂತಿಲ್ವಾ? ನಾನು ಇವಳ ವಯಸ್ಸಿಗೆ ನದೀಲಿ ಸೊಂಟದವರೆಗೆ ಇಳಿದು ಬುಟ್ಟಿಗೆ ಕಡ್ಡಿ ಕೊಯ್ತಿದ್ದೆ. ಅಲ್ಲಿಗಿಂತ ಇಲ್ಲಿ ಬೆಚ್ಚಗಿರತ್ತೆ."

"ನಿಂಗೆ ಬುಟ್ಟಿಗೆ ದುಡ್ಡು ಕೊಡ್ತಿದ್ರಜ್ಜಿ," ಅಂದಳು ತೀನಾ.

"ಕೊಡ್ತಿದ್ರು. ಒದ್ದು ಕೊಡ್ತಿದ್ರು."

"ಇವರು ಒದ್ದು ಪ್ರಮಾಣಪತ್ರ ಕೊಡ್ತಾರೆ."

ಅತ್ತೆ ನಕ್ಕಳು. ಕೆಮ್ಮು ಬಂತು. ಆಮೇಲೆ ನನ್ನ ಕಡೆ ತಿರುಗಿ, ನಗು ಮುಗಿಸಿ, ಮೆಲ್ಲಗೆ ಹೇಳಿದಳು: "ಜುಲ್ಫಿಯೆ, ನನ್ನ ಸೂಜಿ ನಿಲ್ಲೋ ಹಾಗೆ ಮಾತ್ರ ಮಾಡ್ಬೇಡ ಕಣೇ. ಇದೇ ಕಾಯಿಲೇಲಿ ಕಾಲು ಕತ್ತರಿಸಿಕೊಂಡ ನಮ್ಮ ಕೇರಿಯ ಹಾಲಿಲ್‌ನ ನೋಡಿದೀನಿ ನಾನು."

ನಾನು ಅವಳ ಕೈಯಿಂದ ಸೌಟು ತೆಗೆದುಕೊಂಡು ಗಂಜಿ ತಿರುಗಿಸಿದೆ. ಮಗಳು ಹೇಳಿದ್ದು ಸರಿ. ನಾನು ಮಾತಾಡುವುದಿಲ್ಲ.

*

ಕೆಲಸ ಹೀಗಿರುತ್ತದೆ. ಹೆಂಗಸರ ಬೂಟು, ಗಿಣ್ಣಿನ ಮೇಲಿನವರೆಗೆ. ಚರ್ಮದ ತುಂಡುಗಳು ಕಟ್ಟುಕಟ್ಟಾಗಿ ಬರುತ್ತವೆ. ಬಾಗಿದ ಚಾಕುವಿನಿಂದ ಅಂಚು ತೆಳ್ಳಗೆ ಹೆರೆಯಬೇಕು. ಅಂಟು ಬಳಿಯಬೇಕು. ಆರಲು ಬಿಟ್ಟು, ಅಂಚು ಮಡಿಸಿ, ಸುತ್ತಿಗೆಯಿಂದ ಕುಟ್ಟಬೇಕು. ಮುಂದಿನ ತುಂಡು, ಹಿಂದಿನ ತುಂಡು. ಒಂದು ಬದಿಗೆ ಸಾದಾ ಹೊಲಿಗೆ. ಇನ್ನೊಂದು ಬದಿಗೆ ಜಿಪ್. ಜಿಪ್ ಯಾವಾಗಲೂ ಕಾಲಿನ ಒಳಬದಿಗೆ ಬರಬೇಕು, ಇನ್ನೊಂದು ಕಾಲಿನ ಕಡೆಗೆ. ಎಡಗಾಲಿನ ಬೂಟಿನಲ್ಲಿ ಅದು ನನ್ನ ಬಲಗೈ ಕಡೆ ಬರುತ್ತದೆ. ಯಾವಾಗಲೂ ಬಲಗೈ ಕಡೆ. ಅದನ್ನು ಈಗ ನಾನು ಯೋಚಿಸುವುದೇ ಇಲ್ಲ. ತುಂಡು ಎತ್ತುತ್ತೇನೆ, ಜಿಪ್ ಹೋಗಿ ಬಲಗೈ ಕಡೆ ಕೂರುತ್ತದೆ.

ಅಂಟಿನ ವಾಸನೆ ಮೂಗಿನಿಂದ ಹಲ್ಲಿಗೆ ಇಳಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ನಾಲಿಗೆ ದಪ್ಪಗಾಗುತ್ತದೆ. ತಲೆ ಒಂದೇ ಕಡೆ ಹೊಡೆಯುತ್ತದೆ. ನೆಲಮಾಳಿಗೆಯ ಗಾಳಿ ಎಳೆಯುವ ಫ್ಯಾನು ಕೆಟ್ಟಿದೆ. ಹೇಳಿದರೆ ಫ್ಲಮೂರ್, "ಕಲಿಕೆ ಅಂದ್ರೆ ಸ್ವಲ್ಪ ತ್ಯಾಗ ಇರತ್ತೆ," ಅನ್ನುತ್ತಾನೆ. ನಮ್ಮಲ್ಲಿ ಚಿಕ್ಕವಳಾದ ಸಾಬಿರೆಗೆ ಎರಡು ಸಲ ಗರ್ಭ ಇಳಿದುಹೋಯಿತು. ಯಾವುದರಿಂದ ಅಂತ ಯಾರೂ ಕೇಳಲಿಲ್ಲ. ಅವಳು ಮೂರನೆಯ ದಿನಕ್ಕೆ ವಾಪಸು ಮಣೆಯ ಮುಂದೆ ಕೂತಿದ್ದಳು. ಹಾಜರಿ ತಪ್ಪಿದರೆ ತರಬೇತಿ ಪೂರ್ತಿಯಾಗುವುದಿಲ್ಲ.

ಬೆರಳಿನ ಸಂದಿನಲ್ಲಿ ಅಂಟು ಕಪ್ಪಾಗಿ ಕೂರುತ್ತದೆ. ತೊಳೆದರೆ ಹೋಗುವುದಿಲ್ಲ, ಕಲ್ಲಿಗೆ ಉಜ್ಜಬೇಕು. ಉಜ್ಜಿದರೆ ಚರ್ಮ ಹೋಗುತ್ತದೆ. ಬಿಳಿಕೈ ಹುಡುಗಿಯರಿಗೂ ಹಾಗೇ ಆಗುತ್ತದೆ. ಅವರು ಬೀದಿಗೆ ಇಳಿಯುವಾಗ ಕೈಗವಸು ಹಾಕಿಕೊಂಡು ಅದನ್ನು ಮುಚ್ಚುತ್ತಾರೆ.

ಒಮ್ಮೆ ಫ್ಲಮೂರ್ ನನ್ನನ್ನು ಡಬ್ಬಿ ಹೊರಲು ಮೇಲೆ ಕಳಿಸಿದ. ಅಲ್ಲಿ ಒಂದು ಉದ್ದದ ಮೇಜು. ಅದರ ಒಂದು ತುದಿಯಲ್ಲಿ ನಮ್ಮ ಎಡಗಾಲುಗಳ ರಾಶಿ. ಇನ್ನೊಂದು ತುದಿಯಲ್ಲಿ ಮೇಲಿನವರ ಬಲಗಾಲುಗಳ ರಾಶಿ. ನಡುವೆ ನಿಂತ ಹೆಂಗಸು ಅದರಿಂದ ಒಂದು, ಇದರಿಂದ ಒಂದು ಎತ್ತಿ ಜೋಡಿ ಮಾಡಿ ಡಬ್ಬಿಗೆ ಹಾಕುತ್ತಿದ್ದಳು. ಡಬ್ಬಿ ಇಟಲಿಗೆ ಹೋಗುತ್ತದೆ. ಅಲ್ಲಿ ಅಡಿ ಅಂಟಿಸಿ, ಇಟಲಿಯಲ್ಲಿ ಮಾಡಿದ್ದು ಅಂತ ಮುದ್ರೆ ಒತ್ತುತ್ತಾರಂತೆ. ಅದು ಇರಲಿ. ನಾನು ನಿಂತು ನೋಡಿದ್ದು ಬೇರೆ. ನಾವು ಕಲಿಯುತ್ತಿದ್ದೇವೆ ಅಂದುಕೊಂಡಿದ್ದೆ. ಕಲಿಯುವವರು ಹೊಲಿದದ್ದನ್ನು ಎಸೆಯುತ್ತಾರೆ ಅಥವಾ ಬಿಚ್ಚುತ್ತಾರೆ ಅಂದುಕೊಂಡಿದ್ದೆ. ಅದು ಮಾರಾಟಕ್ಕೆ ಹೋಗುತ್ತಿತ್ತು. ಒಂದೇ ಡಬ್ಬಿಯಲ್ಲಿ ಬಲಗಾಲಿಗೆ ಸಂಬಳವಿತ್ತು. ಎಡಗಾಲಿಗೆ ಇರಲಿಲ್ಲ.

ಕೆಳಗೆ ಬಂದು ಬೆಹಿಯೆಗೆ ಹೇಳಿದೆ.

ಅವಳು ಸುತ್ತಿಗೆ ನಿಲ್ಲಿಸಲಿಲ್ಲ. "ನಿಂಗೆ ಈಗ ಗೊತ್ತಾಯ್ತಾ?"

"ನಿಂಗೆ ಮೊದಲೇ ಗೊತ್ತಿತ್ತಾ?"

"ಎಸೆಯೋ ಮಾಲಿಗೆ ಫ್ಲಮೂರ್ ಇಷ್ಟು ಬೈತಾನೇನೆ? ದಡ್ಡಿ."

ಇದಕ್ಕೆ ಮೊದಲು ನಾನು ಬೇರೆ ತರಬೇತಿಗಳಿಗೂ ಹೋಗಿದ್ದೇನೆ. ಕೂದಲು ಕತ್ತರಿಸುವುದು ಕಲಿಸಿದರು. ಹಳದಿ ಕೂದಲಿನ ಪ್ಲಾಸ್ಟಿಕ್ ತಲೆ ಕೊಟ್ಟರು. ಆ ತಲೆಯನ್ನು ಬಾಚಿ ಬಾಚಿ ಬೋಳು ಮಾಡಿದೆ. ಊರಲ್ಲಿ ಯಾವ ಹೆಂಗಸೂ ಕರಿಕೈಗೆ ತಲೆ ಕೊಡಲಿಲ್ಲ. ಆಮೇಲೆ ಮುದುಕರ ಆರೈಕೆ ಕಲಿಸಿದರು. ಬಟ್ಟೆಯ ಗೊಂಬೆಗೆ ಹಾಸಿಗೆ ಬದಲಿಸಿದೆವು. ಆಮೇಲೆ ಸಂದರ್ಶನದಲ್ಲಿ ಹೇಗೆ ಕೂರಬೇಕು ಅಂತ ಕಲಿಸಿದರು. ಬೆನ್ನು ನೇರ, ಕೈ ತೊಡೆಯ ಮೇಲೆ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಚೆನ್ನಾಗಿ ಕೂರಲು ಕಲಿತೆ. ಯಾರೂ ಕರೆಯಲಿಲ್ಲ.

ಹೊರದೇಶದ ಜನ ನೋಡಲು ಬಂದಾಗ ನಮಗೆ ಒಗೆದ ಏಪ್ರನ್ ಕೊಡುತ್ತಾರೆ. ಫ್ಯಾನಿನ ಮುಂದೆ ಹೂಕುಂಡ ಇಡುತ್ತಾರೆ. ಒಬ್ಬ ಕೆಂಪು ಮುಖದ ಗಂಡಸು ದುಭಾಷಿಯ ಮೂಲಕ ನನ್ನನ್ನು ಕೇಳಿದ್ದ: "ಈ ಕಲಿಕೆಯಿಂದ ನಿನ್ನ ಬದುಕು ಹೇಗೆ ಬದಲಾಯಿತು?"

ನಾನು ಫ್ಲಮೂರ್‌ನ ಮುಖ ನೋಡಿದೆ. ಫ್ಲಮೂರ್ ನಗುತ್ತಿದ್ದ.

"ಎಡಗಾಲಿನದು ಚೆನ್ನಾಗಿ ಬರತ್ತೆ," ಅಂದೆ.

ದುಭಾಷಿ ಅದನ್ನು ತುಂಬ ಉದ್ದವಾಗಿ ಹೇಳಿದಳು. ಕೆಂಪು ಮುಖದವನಿಗೆ ಕಣ್ಣಲ್ಲಿ ನೀರು ಬಂತು.

*

ಶನಿವಾರ ನಮ್ಮನ್ನು ಮೇಲೆ ಕರೆದರು. ಮೇಲಿನವರಿಗೆ ರಜೆ. ಹಜಾರ ಖಾಲಿ. ಬೆಳಕು ಎಷ್ಟಿತ್ತೆಂದರೆ ನಾವೆಲ್ಲ ಬಾಗಿಲಲ್ಲೇ ನಿಂತೆವು. ಸಾಬಿರೆ ಕಣ್ಣಿಗೆ ಕೈ ಅಡ್ಡ ಹಿಡಿದಳು.

"ಒಳಗೆ ಬನ್ನಿ, ಕಚ್ಚಲ್ಲ," ಅಂದ ಫ್ಲಮೂರ್.

ಮಿಮೋಜಾ ಮೇಡಂ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದಳು. ಕಚೇರಿಯ ಪರವಾಗಿ ಬಂದಿದ್ದಳು. ಶೀತಕ್ಕೆ ಸೋರುತ್ತಿದ್ದ ಮೂಗನ್ನು ಕರವಸ್ತ್ರದಿಂದ ಒರೆಸಿಕೊಳ್ಳುತ್ತ ನಮಗೆಲ್ಲ ತಲೆಯಾಡಿಸಿದಳು. ಇನ್ನೊಂದು ಮೂಲೆಯಲ್ಲಿ ಒಬ್ಬ ಹೊಸ ಹುಡುಗಿ. ಬಿಳಿಕೈ. ಉಗುರಿಗೆ ಬಣ್ಣ. ಅವಳು ಕೆಳಗೆ ಯಾವತ್ತೂ ಬಂದವಳಲ್ಲ.

"ಇವಳ್ಯಾರು?" ಬೆಹಿಯೆ ಕೇಳಿದಳು.

"ಪರೀಕ್ಷೆ ಎಲ್ಲರಿಗೂ ಮುಕ್ತ," ಅಂದ ಫ್ಲಮೂರ್. "ನಿಮಗೆಲ್ಲ ಇಷ್ಟು ದಿನ ಕಲಿಸಿದೀನಿ. ಅವಳು ಸೂಜೀನೇ ಹಿಡಿದೋಳಲ್ಲ. ಭಯ ಯಾಕೆ?"

ಭಯವಿರಲಿಲ್ಲ. ನಿಜವಾಗಿ ಹೇಳುತ್ತೇನೆ. ಆ ಹುಡುಗಿಯನ್ನು ನೋಡಿ ನನಗೆ ಅಯ್ಯೋ ಅನ್ನಿಸಿತು. ಬೆಹಿಯೆಯ ಕಡೆ ಮಾತ್ರ ನೋಡಲಾಗಲಿಲ್ಲ. ಅವಳ ಮಗನಿಗೆ ಕೆಲಸವಿಲ್ಲ, ಸೊಸೆ ಬಸುರಿ. ನಾನು ಗೆದ್ದರೆ ಅವಳು ಕೆಳಗೆ. ಅವಳು ನನ್ನ ಕಡೆ ಬಗ್ಗಿ ಕಿವಿಯಲ್ಲಿ ಹೇಳಿದಳು: "ನಿಧಾನ ಮಾಡ್ಬೇಡ ಕಣೇ ನನ್ನ ಮುಖ ನೋಡಿ. ಹೊಲಿ. ಹುಡುಗಿ ಇದೆ ನಿಂಗೆ."

ಒಬ್ಬೊಬ್ಬರ ಮುಂದೆ ಒಂದು ಕಟ್ಟು ಇಟ್ಟರು. ಮುಂದಿನ ತುಂಡು, ಹಿಂದಿನ ತುಂಡು, ಜಿಪ್, ದಾರ. ಫ್ಲಮೂರ್ ಚಪ್ಪಾಳೆ ತಟ್ಟಿದ.

ನಾನು ಹೆರೆದೆ. ಬಳಿದೆ. ಮಡಿಸಿದೆ. ಕುಟ್ಟಿದೆ. ಕೈ ಓಡುತ್ತಿತ್ತು. ಇಂಥ ಬೆಳಕಿನಲ್ಲಿ ನನ್ನ ಕೈಯನ್ನು ನಾನೇ ನೋಡಿರಲಿಲ್ಲ. ಅದು ನನ್ನದಲ್ಲದ ಹಾಗೆ ಚೆಂದವಾಗಿತ್ತು. ಪಕ್ಕದಲ್ಲಿ ಬೆಹಿಯೆಯ ಸುತ್ತಿಗೆ. ಅದರ ಪಕ್ಕ ಸಾಬಿರೆಯದು. ಎಲ್ಲರದೂ ಒಂದೇ ತಾಳ. ಆ ಮೂಲೆಯಲ್ಲಿ ಮಾತ್ರ ತಾಳ ತಪ್ಪುತ್ತಿತ್ತು. ಹೊಸ ಹುಡುಗಿ ಬೆರಳಿಗೆ ಹೊಡೆದುಕೊಂಡು "ಅಮ್ಮಾ" ಅಂದಳು. ತುಂಡನ್ನು ಎತ್ತಿ ತನ್ನ ಕಾಲಿಗೆ ಹಿಡಿದು ನೋಡಿಕೊಂಡಳು. ಆಮೇಲೆ ಮತ್ತೆ ಕೂತಳು. ನನಗೆ ನಗು ಬಂತು. ತುಂಡುಗಳನ್ನು ಹೊಲಿಗೆ ಯಂತ್ರಕ್ಕೆ ಕೊಟ್ಟೆ. ಸಾದಾ ಹೊಲಿಗೆ ಮುಗಿಯಿತು. ಜಿಪ್ ಎತ್ತಿದೆ, ಕೂರಿಸಿದೆ, ಕಾಲಿನಿಂದ ಯಂತ್ರ ಒತ್ತಿದೆ. ದಾರದ ತುದಿ ಬೆಂಕಿಕಡ್ಡಿಯಿಂದ ಸುಟ್ಟೆ.

ಎಲ್ಲರಿಗಿಂತ ಮೊದಲು ಎದ್ದು ನಿಂತೆ.

ಫ್ಲಮೂರ್ ಬಂದ. ಬೂಟು ಎತ್ತಿದ. ಹೊಲಿಗೆಯ ಮೇಲೆ ಹೆಬ್ಬೆರಳು ಎಳೆದ. "ಚೆನ್ನಾಗಿದೆ," ಅಂದ. ತಿರುಗಿಸಿದ. ನಿಂತ.

ಆಮೇಲೆ ಅವನ ಭುಜ ಅಲುಗತೊಡಗಿತು. ನಗುತ್ತಿದ್ದ.

"ಮೇಡಂ, ಇಲ್ಲಿ ನೋಡಿ. ಜಿಪ್ ಹೊರಗಿದೆ."

ನಾನು ನೋಡಿದೆ. ಬೂಟಿನ ಮೂತಿ ಅವನ ಕಡೆಗಿತ್ತು. ಅದು ಬಲಗಾಲಿನದು. ಬಲಗಾಲಿನ ಬೂಟಿಗೆ ಜಿಪ್ ನನ್ನ ಎಡಗೈ ಕಡೆ ಬರಬೇಕಿತ್ತು. ಬಲಗೈ ಕಡೆ ಬಂದಿತ್ತು. ತುಂಡು ಬಲಗಾಲಿನದು ಅಂತ ಕಣ್ಣಿಗೆ ಕಂಡಿರಬೇಕು. ಕೈಗೆ ಕಾಣಲಿಲ್ಲ. ಕೈಗೆ ಅದನ್ನು ಯಾರೂ ಯಾವತ್ತೂ ತೋರಿಸಿರಲಿಲ್ಲ.

ಅವನು ಬೆಹಿಯೆಯದನ್ನು ಎತ್ತಿದ. ಜಿಪ್ ಹೊರಗೆ. ಸಾಬಿರೆಯದು. ಹೊರಗೆ. ಸಾಲಿಗೆ ಸಾಲು ಹೊರಗೆ. ನೆಲಮಾಳಿಗೆ ಪೂರ್ತಿ ಒಂದೇ ತಪ್ಪು ಮಾಡಿತ್ತು. ಅಷ್ಟೂ ಹೊಲಿಗೆ ನೇರ, ಅಷ್ಟೂ ಅಂಚು ಸಾಫು, ಅಷ್ಟೂ ಬೂಟು ಕೆಲಸಕ್ಕೆ ಬಾರದ್ದು.

ಮೂಲೆಯ ಹುಡುಗಿಯದು ಸೊಟ್ಟಗಿತ್ತು. ಅಂಟು ಹೊರಗೆ ಇಣುಕುತ್ತಿತ್ತು. ಜಿಪ್ ಒಳಗಿತ್ತು. ಏನೂ ಕಲಿಯದವಳು ತನ್ನ ಕಾಲು ನೋಡಿಕೊಂಡು ಹೊಲಿದಿದ್ದಳು.

"ಇದು ಬಲಗಾಲಿನದು ಅಂತ ನೀವು ಹೇಳ್ಲಿಲ್ಲ," ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿತು.

"ಹೇಳ್ಬೇಕಾ? ನಿಂಗೆ ಬಲಗಾಲಿಲ್ವಾ?"

"ಬಲಗಾಲಿನದು ನೀವು ನಮಗೆ ಒಂದಾದ್ರೂ ಕೊಟ್ಟಿದೀರಾ?"

"ಕೊಟ್ಟಿದ್ರೆ ಇಷ್ಟೊತ್ತಿಗೆ ಸಂತೇಲಿರ್ತಿತ್ತು."

"ಬಿಚ್ಚಿ ಮತ್ತೆ ಹೊಲಿತೀನಿ. ಈಗ್ಲೇ. ನೀವು ನಿಂತು ನೋಡಿ."

"ಚರ್ಮಕ್ಕೆ ತೂತು ಬಿದ್ದರೆ ಬಿತ್ತು. ಗೊತ್ತಿಲ್ವಾ ನಿಂಗೆ? ಅದು ಮೊದಲ ತರಬೇತಿಯ ಪಾಠ." ಅವನು ಬೂಟನ್ನು ನನ್ನ ಮಣೆಯ ಮೇಲೆ ಎಸೆದ. "ಅಷ್ಟೂ ಚರ್ಮ ಹಾಳು. ಇದನ್ನ ಯಾರ ಹತ್ರ ಕೇಳ್ಲಿ ನಾನು? ನಿಮ್ಮ ಬಸ್ಸಿನ ಖರ್ಚಲ್ಲಿ ಹಿಡೀಬೇಕು."

ಸಾಬಿರೆ ಅಳತೊಡಗಿದಳು. ಬೆಹಿಯೆ ಅವಳಿಗೆ "ಶ್" ಅಂದಳು. ಆಮೇಲೆ ತನ್ನ ಬೂಟನ್ನು ಕೈಗೆ ಸಿಕ್ಕಿಸಿಕೊಂಡು ಜಿಪ್ಪನ್ನು ಮೇಲೆ ಕೆಳಗೆ ಎಳೆದಳು. ಮೇಲೆ ಕೆಳಗೆ.

*

ಮಿಮೋಜಾ ಮೇಡಂ ಎದ್ದು ಬಂದಳು. ನನ್ನ ಭುಜದ ಮೇಲೆ ಕೈ ಇಟ್ಟಳು.

"ಬೇಜಾರು ಮಾಡ್ಕೋಬೇಡ ಜುಲ್ಫಿಯೆ. ಇದು ನಿನ್ನ ತಪ್ಪಲ್ಲ. ಕೌಶಲದಲ್ಲಿ ಒಂದು ಕೊರತೆ, ಅಷ್ಟೇ. ಎಲ್ಲಿ ಕೊರತೆ ಇದೆ ಅಂತ ಗೊತ್ತಾಯ್ತಲ್ಲ, ಅದೇ ಒಳ್ಳೇದು. ಅದನ್ನ ತುಂಬೋಣ."

"ಹೇಗೆ?"

"ಹೊಸ ತರಬೇತಿ. ಬರೋ ತಿಂಗಳಿಂದ." ಅವಳ ಮುಖದಲ್ಲಿ ನಿಜವಾದ ಖುಷಿ ಇತ್ತು. "ಬಲಗಾಲಿನದು."

ಯಾರೋ ಹಿಂದೆ ನಕ್ಕರು. ಅಥವಾ ಕೆಮ್ಮಿದರು.

"ಆಮೇಲೆ ಮೇಲೆ ಕೆಲಸ ಖಾಲಿ ಬಿದ್ದಾಗ ನೀನು ಎರಡೂ ಬಲ್ಲೋಳಾಗಿರ್ತೀಯ," ಅಂದಳು. "ಬರೇ ಒಂದು ಸಹಿ. ಇನ್ನೊಂದು ವಿಷಯ. ನಿನ್ನ ಮಗಳಿಗೆ ಹದಿನಾರು ತುಂಬ್ತಾ ಬಂತಲ್ವಾ? ಅವಳ ಜಾಗಾನೂ ಇಟ್ಟಿದೀನಿ. ಎಡಗಾಲಿನ ಹೊಸ ತಂಡದಲ್ಲಿ. ನಿನ್ನ ಮಣೇಲೇ ಕೂರಬಹುದು. ತಾಯಿ ಕಣ್ಣೆದುರೇ ಇರ್ತಾಳೆ, ನಿನಗೂ ಧೈರ್ಯ."

"ಆಹಾ!" ಅಂದ ಫ್ಲಮೂರ್. "ಅಮ್ಮ ಬಲಗಾಲು, ಮಗಳು ಎಡಗಾಲು. ಕೊನೆಗೂ ನಿಮ್ಮ ಕೇರಿಯಿಂದ ನಂಗೊಂದು ಜೋಡಿ ಸಿಕ್ತು."

ಮೂಲೆಯ ಹುಡುಗಿಯೂ ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಿಲ್ಲಿಸಿದಳು.

ಮಿಮೋಜಾ ಮೇಡಂ ಪೆನ್ನಿನ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದಳು. ನಾನು ನನ್ನ ಮಣೆಯನ್ನು ಯೋಚಿಸಿದೆ. ನನ್ನ ಮೊಣಕೈ ಮಾಡಿದ ಗುಂಡಿಯಲ್ಲಿ ತೀನಾಳ ಮೊಣಕೈ. ಅದು ಸಣ್ಣದು. ಗುಂಡಿಯೊಳಗೆ ಆಡುತ್ತದೆ. ಸ್ವಲ್ಪ ದಿನಕ್ಕೆ ಸರಿಯಾಗಿ ಕೂರುತ್ತದೆ. ಅವಳ ಸ್ವೆಟರಿನೊಳಗೆ ತಣ್ಣನೆಯ ಬೆರಳು. ಅವಳ ಕೈ ಬಲಗೈ ಕಡೆಗೆ ತಾನಾಗಿ ಹೋಗುವುದನ್ನು ಕಲಿಯುತ್ತದೆ. ಆಮೇಲೆ ಯಾವತ್ತೋ ಒಂದು ಶನಿವಾರ ಇಂಥದೇ ಬೆಳಕಿನಲ್ಲಿ ಅವಳ ಮುಂದೆ ಒಂದು ಕಟ್ಟು ಇಡುತ್ತಾರೆ.

ಅತ್ತೆಯ ತೊಡೆಯನ್ನೂ ಯೋಚಿಸಿದೆ. ನೀಲಿ ಚುಕ್ಕೆಗಳು. ಹಾಲಿಲ್‌ನ ಕತ್ತರಿಸಿದ ಕಾಲನ್ನು ಯೋಚಿಸಿದೆ. ಅವನು ಆ ಕಾಲಿಗೆ ಪ್ಯಾಂಟನ್ನು ಮಡಿಸಿ ಪಿನ್ನು ಹಾಕುತ್ತಾನೆ. ಮನೆಯಲ್ಲಿ ಇನ್ನೆಷ್ಟು ಇನ್ಸುಲಿನ್ ಉಳಿದಿದೆ ಅಂತ ನೆನಪಿಗೆ ಬರಲಿಲ್ಲ. ಈ ವಾರಕ್ಕೆ ಆಗಬಹುದು. ಆಮೇಲೆ ಗೊತ್ತಿಲ್ಲ. ಯಾರ ಹತ್ತಿರ ಕೇಳಬೇಕು, ಯಾರ ಕಾಲು ಹಿಡಿಯಬೇಕು, ಯಾವುದೂ ಗೊತ್ತಿಲ್ಲ. ಎಲ್ಲಿಂದ ನೋಡಿದರೂ ಬಾಗಿಲು ಒಂದೇ ಇತ್ತು, ಅದು ಕೆಳಗಿನ ಮೆಟ್ಟಿಲಿಗೆ ತೆರೆಯುತ್ತಿತ್ತು.

"ಹಿಡಿ," ಅಂದಳು ಮಿಮೋಜಾ.

ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

"ಜುಲ್ಫಿಯೆ, ಹಟ ಹಿಡೀಬೇಡ. ಸಹಿ ಹಾಕದಿದ್ರೆ ಏನಾಗತ್ತೆ ಗೊತ್ತಲ್ವಾ? ಹೆಸರು ತೆಗೀಬೇಕಾಗತ್ತೆ. ನಂಗೆ ಇಷ್ಟ ಇಲ್ಲ ಅದು. ನಿಮ್ಮತ್ತೆಗೆ ಹುಷಾರಿಲ್ಲ."

"ಗೊತ್ತು."

"ಮತ್ತೆ?"

ಬೆಹಿಯೆ ನನ್ನ ಏಪ್ರನ್ನಿನ ತುದಿ ಹಿಡಿದು ಎಳೆದಳು. "ಹಾಕೇ," ಅಂದಳು ಹಲ್ಲು ಕಚ್ಚಿ. "ಹಾಕಿ ಸಾಯಿ. ಎಲ್ಲರೂ ಹಾಕ್ತೀವಿ. ಮುದುಕಿ ಸತ್ತರೆ ಕೇರಿ ನಿನ್ನ ಮುಖಕ್ಕೆ ಉಗಿಯತ್ತೆ."

ಉಗಿಯುತ್ತದೆ. ಅದೂ ನನಗೆ ಗೊತ್ತಿತ್ತು. ಉಗಿಯುವವರಲ್ಲಿ ಬೆಹಿಯೆಯೂ ಇರುತ್ತಾಳೆ.

"ಇವಳಿಗೆ ಏನಾಗಿದೆ ಇವತ್ತು?" ಫ್ಲಮೂರ್ ಗಡಿಯಾರ ನೋಡಿದ. "ಏಯ್, ಬೇಗ. ಕಲಿಯೋಕೆ ಕರೆದರೆ ಇಷ್ಟು ಬಿಗುಮಾನ. ಕಲೀತೀಯೋ ಇಲ್ವೋ?"

"ಕಲಿಯಲ್ಲ."

"ಏನಂದೆ?"

"ನಾನು ಕಲಿಯಲ್ಲ. ನನ್ನ ಮಗಳೂ ಇಲ್ಲಿಗೆ ಬರಲ್ಲ. ಹೆಸರು ತೆಗೀರಿ."